ಬೆನ್ನು ಬಲ್ಲ ಮುದ್ದಯ್ಯ

ಅವತ್ತು ಆ ನಡುಮನೆಯಲ್ಲಿ ಮೂವರು ಕೂತಿದ್ದೆವು, ಒಬ್ಬರು ನಿಂತಿದ್ದರು. ರಾಟೆಯ ಮುಂದೆ ಚೌಡಮ್ಮ, ಕಂಬಕ್ಕೆ ಒರಗಿ ಎಲೆಯಡಿಕೆ ಮೆಲ್ಲುತ್ತ ಪಕ್ಕದ ಮನೆಯ ನೇಕಾರ ಸಿದ್ದರಾಜು, ಚಾಪೆಯ ಮೇಲೆ ಬೋರ್ಡು ಹೈಸ್ಕೂಲಿನ ಡ್ರಿಲ್ ಮೇಷ್ಟ್ರಾದ ನಾನು. ನಿಂತಿದ್ದವರು ಮನೆಯ ಯಜಮಾನರು, ಮುದ್ದಯ್ಯ. ಐವತ್ತು ದಾಟಿದ ಮನುಷ್ಯ, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನಮ್ಮ ಕಡೆ ಬೆನ್ನು ಮಾಡಿಕೊಂಡು ಒಂಟಿ ಕಾಲಲ್ಲಿ ನಿಂತಿದ್ದರು. ಹೆಂಡತಿ ಲಾಳಿಯ ಒಂದು ಕಂಡಿಕೆಗೆ ನೂಲು ಸುತ್ತಿ ಮುಗಿಸುವ ತನಕ ಅಲುಗಕೂಡದು. ಇದು ಅವರಿಗೆ ಅವರೇ ಹಾಕಿಕೊಂಡ ಕಟ್ಟಲೆ.

"ಏನ್ ಕಾಣ್ತದೆ?" ಎಂದು ಗೋಡೆಯ ಕಡೆ ತಿರುಗಿಕೊಂಡೇ ಕೇಳಿದರು.

"ನಿನ್ನ ಬೆನ್ನು ಕಾಣ್ತದೆ, ಮುದ್ದಣ್ಣ" ಅಂದ ಸಿದ್ದರಾಜು.

"ಬೆನ್ನಲ್ಲಿ?"

"ಬೆನ್ನಲ್ಲಿ ಬೆವರುಸಾಲೆ."

ಚೌಡಮ್ಮ ರಾಟೆ ನಿಲ್ಲಿಸದೆ ನನ್ನ ಕಡೆ ನೋಡಿದರು. "ಕೇಳಿದ್ರಾ ಮೇಷ್ಟ್ರೆ? ಈ ಬೀದೀಲಿ ಎಲ್ಲರ ಗಂಡಂದಿರೂ ಮಗ್ಗಕ್ಕೆ ಕುಂತವ್ರೆ. ನಂಗೆ ಮಾತ್ರ ಕೊಕ್ಕರೆ ಗಂಟು ಬಿತ್ತು."

ಕೊಕ್ಕರೆ ಅಲುಗಲಿಲ್ಲ. ಕಂಡಿಕೆ ತುಂಬಿದ ಮೇಲೆ ನಿಧಾನವಾಗಿ ಕಾಲು ಇಳಿಸಿ, "ಈಗ ನಾ ಮಾಡಿದ್ದು ಕುಣಿತ ಕಣ್ರಿ. ಅರ್ಥ ಆಗಕ್ಕೆ ನಿಮಗೆ ಇನ್ನೊಂದೆಲ್ಡು ಕಂಡಿಕೆ ಬೇಕಾಯ್ತದೆ" ಎಂದು ಮಗ್ಗದ ಗುಂಡಿಗೆ ಇಳಿದುಬಿಟ್ಟರು.

ಕೊಳ್ಳೇಗಾಲ ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ಅರ್ಜಿಗಳು ಹೋಗುತ್ತಿದ್ದ ದಾರಿಯಲ್ಲೇ ನಮ್ಮ ಸೀರೆಗಳೂ ಮದರಾಸಿಗೆ ಹೋಗುತ್ತಿದ್ದವು. ವಯಸ್ಸಿನಲ್ಲಿ ಮುದ್ದಯ್ಯನವರು ಹೀಗೇ ಒಂದು ಸೀರೆ ಗಂಟು ಹೊತ್ತು ಅಲ್ಲಿಯ ಒಂದು ನೃತ್ಯ ಮಂಡಳಿಗೆ ಕೊಟ್ಟು ಬರಲು ಹೋದವರು, ಬರಲಿಲ್ಲ. ಬಟ್ಟೆಯ ಗುಣ ಬಲ್ಲವನೆಂದು ಉಡುಪಿನ ಪೆಟ್ಟಿಗೆಗಳನ್ನು ನೋಡಿಕೊಳ್ಳಲು ಅವರನ್ನು ಅಲ್ಲೇ ಇಟ್ಟುಕೊಂಡರು. ಮೂರು ವರ್ಷ. ಅದು ಹೊಸ ಮಾದರಿಯ ಮಂಡಳಿ. ಅಲ್ಲಿ ರಾಧೆಯಿಲ್ಲ, ಕೃಷ್ಣನಿಲ್ಲ. ಒಂದು ಕುಣಿತದಲ್ಲಿ ದೋಣಿ ತಳ್ಳುವವರು, ಇನ್ನೊಂದರಲ್ಲಿ ಬರೀ ಗಾಳಿ. "ಪದಾನೇ ಇಲ್ಲ ಮೇಷ್ಟ್ರೆ. ಮೈಯೇ ಪದ" ಎನ್ನುವಾಗ ಅವರ ಕಣ್ಣು ಮಿನುಗುತ್ತಿತ್ತು.

ಆದರೆ ಈ ಮೂರು ವರ್ಷದಲ್ಲಿ ಒಂದು ದಿನವೂ ಅವರು ಜನರ ನಡುವೆ ಕೂತು ಕುಣಿತ ನೋಡಿದವರಲ್ಲ. ರಂಗದ ಹಿಂದಿನ ಪರದೆಯಲ್ಲಿ ಒಂದು ತೂತಿತ್ತು. ಅವರು ನೋಡಿದ್ದೆಲ್ಲ ಅದರಿಂದ. ಈ ಮಾತನ್ನು ಅವರು ಎಷ್ಟೋ ಸಲ ನಮಗೆ ಹೇಳಿದ್ದರು. ನಾವು ತಲೆದೂಗಿ ಕೇಳಿದ್ದೆವು. ಅದರೊಳಗೇನಿದೆ ಎಂದು ಯೋಚಿಸಿದವನು ಒಬ್ಬನೂ ಇಲ್ಲ.

ಇನ್ನೊಂದು ಮಾತನ್ನೂ ಹೇಳುತ್ತಿದ್ದರು. ಮಂಡಳಿಯ ಒಡತಿಯನ್ನು ಎಲ್ಲರೂ ಅಮ್ಮ ಎನ್ನುತ್ತಿದ್ದರಂತೆ. ಒಂದು ದಿನ ಅಭ್ಯಾಸದ ಹೊತ್ತಿನಲ್ಲಿ ಮುದ್ದಯ್ಯ ಧೈರ್ಯ ಮಾಡಿ, "ಅಮ್ಮಾ, ಎಲ್ಲರೂ ಓಡುವಾಗ ಒಬ್ಬರು ಸುಮ್ಮನೆ ನಿಂತರೆ ಎಂಗೆ?" ಎಂದರಂತೆ. ಆಕೆ ನಕ್ಕು, "ನೀ ಸೀರೆ ಮಡಿಸಪ್ಪ, ಕುಣಿತ ನಾ ನೋಡ್ಕೊತೀನಿ" ಅಂದರಂತೆ. ಇದನ್ನು ಹೇಳುವಾಗ ಮುದ್ದಯ್ಯನವರ ದನಿಯಲ್ಲಿ ಮುನಿಸಿರುತ್ತಿರಲಿಲ್ಲ. ಆದರೆ ಹೇಳಿ ಮುಗಿಸಿದ ಮೇಲೆ, ಹೆಗಲ ಮೇಲಿನ ಟವಲನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಮತ್ತೆ ಹೆಗಲಿಗೇ ಹಾಕಿಕೊಳ್ಳುತ್ತಿದ್ದರು. ನಮ್ಮಜ್ಜಿ ಕೌದಳ್ಳಿಯಲ್ಲಿ ಹೇಳುತ್ತಿದ್ದಳು, ಮುಳ್ಳು ಮುರಿದರೂ ಮೊನೆ ಒಳಗೇ ಇರುತ್ತದೆ ಎಂದು.

ತೂತಿನಿಂದ ನೋಡಿ ನೋಡಿ ಅವರು ಕಲಿತದ್ದು ಬೆನ್ನಿನ ವಿದ್ಯೆ. ಮುಖ ನೋಡಿದರೆ ಅರ್ಧ ಊರಿನವರ ಗುರುತು ಸಿಗುತ್ತಿರಲಿಲ್ಲ, ಹಿಂದಿನಿಂದ ನೋಡಿದರೆ ಜಾತಕ ಹೇಳುತ್ತಿದ್ದರು. ಸಂತೆಯ ದಿನ ಹೂಗ್ಯಂ ಕಡೆಯ ಗಾಡಿಯವನೊಬ್ಬ ಮುಂದೆ ಹೋಗುತ್ತಿದ್ದ. ಮುದ್ದಯ್ಯ ಅವನನ್ನು ತಡೆದು, "ಅಯ್ಯಾ, ಹೊಸ ಎಕ್ಕಡ ತಕಂಡಿದ್ದೀಯ, ಸಂತೋಷ. ಆ ಸುದ್ದೀನ ಎಡಗಾಲಿಗೆ ಇನ್ನೂ ತಿಳಿಸಿಲ್ಲ ನೀನು" ಎಂದರು. ಅವನು ತಬ್ಬಿಬ್ಬಾಗಿ ತನ್ನ ಎಡಗಾಲನ್ನೇ ನೋಡುತ್ತ ನಿಂತುಬಿಟ್ಟ.

ನನ್ನನ್ನು ಬಲೆಗೆ ಕೆಡವಿದ್ದೂ ಹೀಗೇ. ಶಾಲೆಯ ಬೇಲಿಯಾಚೆ ನಿಂತು ದಿನಾ ಡ್ರಿಲ್ ನೋಡುತ್ತಿದ್ದರು. ಒಂದು ದಿನ ಕೈ ಮಾಡಿ ಕರೆದರು. "ಮೇಷ್ಟ್ರೆ, ನಲವತ್ತು ಜನಾನೂ ಒಟ್ಟಿಗೇ ಕೈ ಎತ್ತಸ್ತೀರಿ. ಒಬ್ಬನ್ನ ಎತ್ತದಂಗೆ ನಿಲ್ಸಿ ನೋಡಿ."

"ಅದು ಅಶಿಸ್ತು ಆಗಲ್ವೆ?"

"ಅದನ್ನೇ ನೋಡಾಣ ಅಂತ."

ನಿಲ್ಲಿಸಿದೆ. ಎರಡು ನಿಮಿಷವಾಗಿರಲಿಲ್ಲ, ಹೆಡ್‌ಮೇಷ್ಟ್ರು ಕೋಣೆಯಿಂದ ಇಳಿದು ಬಂದು, "ರೀ, ಆ ಮೂರನೇ ಸಾಲಿನವನಿಗೆ ಏನಾಗಿದೆ?" ಎಂದರು. ಬೇಲಿಯಾಚೆಯಿಂದ ಮುದ್ದಯ್ಯ ನನಗೆ ಹುಬ್ಬು ಹಾರಿಸಿದರು. ಸಂಜೆ ಸಿಕ್ಕಾಗ ಹೇಳಿದರು. "ಮೂವತ್ತೊಂಬತ್ತು ಜನ ಬೆವರು ಸುರಿಸಿದ್ರು, ಹೆಡ್‌ಮೇಷ್ಟ್ರ ಕಣ್ಣು ಬಿದ್ದಿದ್ದು ಸುಮ್ನೆ ನಿಂತವನ ಮ್ಯಾಲೆ. ಸೀರೇಲಿ ಒಡಲು ಖಾಲಿ ಬುಡದು ಯಾಕೆ? ಅಂಚು ಕಾಣ್ಲಿ ಅಂತ. ಕುಣಿತಾನೂ ಅಷ್ಟೇಯ."

ಅದೇ ವರ್ಷ ಮದರಾಸಿನಿಂದ ಕಾಗದ ಬಂತು. ಅಮ್ಮ ಹೊಸ ಪ್ರದರ್ಶನಕ್ಕೆ ರೇಷ್ಮೆ ಕೊಳ್ಳಲು ಖುದ್ದಾಗಿ ಕೊಳ್ಳೇಗಾಲಕ್ಕೆ ಬರುತ್ತಾರೆ, ಮುದ್ದಯ್ಯನ ಮನೆಯಲ್ಲೇ ಸೀರೆ ನೋಡುತ್ತಾರೆ ಎಂದು. ಕಾಗದ ಓದಿ ಹೇಳಿದವನು ನಾನೇ. ಮುದ್ದಯ್ಯ ಟವಲು ಮಡಿಸಿದರು. ಬಿಚ್ಚಿದರು. ಮತ್ತೆ ಮಡಿಸಿದರು. "ಮೇಷ್ಟ್ರೆ, ಒಂದು ಕುಣಿತ ಕಟ್ತೀನಿ. ಒಂದೇ. ಆಯಮ್ಮ ನೋಡ್ಬೇಕು. ಆಮ್ಯಾಕೆ ನಾ ಬೇಕಾದ್ರೆ ಸಾಯಗಂಟ ಸೀರೇನೇ ಮಡಿಸ್ತೀನಿ."

ಕುಣಿಯುವವರು ಆರು ಜನ, ಸಿದ್ದರಾಜು ಸೇರಿ ಐವರು ನೇಕಾರರು, ಆರನೆಯವನು ನಾನು. ಬುಟ್ಟಾ ಬರೆಯುವ ಚೌಕುಳಿ ಕಾಗದದ ಮೇಲೆ ಮುದ್ದಯ್ಯ ಕುಣಿತವನ್ನು ಬರೆದರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಒಂದು ಚೌಕಕ್ಕೆ ಒಂದು ಹೆಜ್ಜೆ. ನೇಕಾರರು ಅದನ್ನು ಕಂಡ ಕೂಡಲೇ ಓದಿದರು. ಎಸ್ಸೆಸ್ಸೆಲ್ಸಿ ಪಾಸಾದ ನನಗೆ ಮಾತ್ರ ತಿಂಗಳು ಹಿಡಿಯಿತು.

ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಉದ್ದಕ್ಕೆ ಹಿಗ್ಗಿಸಿ ಕಟ್ಟುವ ಅಗಲದ ಬೀದಿಯೇ ನಮ್ಮ ರಂಗ. ಬೆಳಗ್ಗೆ ನೂಲೆಲ್ಲ ಎತ್ತಿದ ಮೇಲೆ ಅಭ್ಯಾಸ. ಮನೆಮನೆಯ ಮಗ್ಗದ ಸದ್ದೇ ಮೇಳ. ಮುದ್ದಯ್ಯ ತಮ್ಮ ಜಗಲಿಯ ಮೇಲೆ ಕೂರುತ್ತಿದ್ದರು. ನಾವು ಅವರಿಗೆ ಬೆನ್ನು ಮಾಡಿ, ಎದುರಿಗಿದ್ದ ಉಗ್ರಾಣದ ಬೋಳು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆವು. "ಭಾರಾನೆಲ್ಲ ನೆಲಕ್ಕೆ ಕೊಡ್ಲಾ ಸಿದ್ದ, ನೆಲ ಬ್ಯಾಡ ಅನ್ನಲ್ಲ. ಎಗಲು ಇಳಿಸಿ ಮೇಷ್ಟ್ರೆ, ಅಲ್ಲೇನು ಮೂಟೆ ಒತ್ತಿದ್ದೀರಾ?" ಹಿಮ್ಮಡಿಗಳು ಒಂದರ ಹಿಂದೆ ಒಂದು ಎದ್ದು ಇಳಿಯಬೇಕು. ಬೆನ್ನ ಹಿಂದೆ ಕೈಯಿಂದ ಕೈಗೆ ಕಾಣದ ಲಾಳಿ ಓಡಬೇಕು. ಮಗ್ಗದ ಹಾಸಿನ ಎಳೆಗಳಂತೆ ಸಾಲು ಬಾಯಿ ಬಿಡಬೇಕು, ಮುಚ್ಚಬೇಕು. ನಡುವೆ ನಾನು ಗಕ್ಕನೆ ನಿಂತುಬಿಡಬೇಕು. ಮಿಕ್ಕ ಐವರು ಬಹುದೂರ ಹೋಗಿ, ಒಬ್ಬ ಕಡಿಮೆಯಾದದ್ದು ಗೊತ್ತಾಗಿ, ಹಿಂಹಿಂದಕ್ಕೇ ಹೆಜ್ಜೆ ಹಾಕುತ್ತ ಬಂದು ನನ್ನನ್ನು ಸಾಲಿಗೆ ಕಟ್ಟಿಕೊಳ್ಳಬೇಕು. ಅಷ್ಟೇ ಕುಣಿತ.

ಅಮ್ಮ ಬಂದರು. ನರೆತ ಕೂದಲು, ಸೆಟೆದ ಬೆನ್ನು, ಕೈಯಲ್ಲಿ ಬೀಸಣಿಗೆ. ಆಡುತ್ತಿದ್ದದ್ದು ತಮಿಳು. ನಮ್ಮ ಬೀದಿಯಲ್ಲಿ ತಮಿಳು ಬಾರದವರು ಯಾರಿದ್ದರು? ಸಿದ್ದರಾಜು ಉಗ್ರಾಣದ ಗೋಡೆಯ ನೆರಳಿನಲ್ಲಿ ಆಕೆಗೆ ಕುರ್ಚಿ ಹಾಕಿ, ಸುತ್ತ ಬೀದಿಯವರಿಗೆಲ್ಲ ಚಾಪೆ ಹಾಸಿದ. ಹೆಡ್‌ಮೇಷ್ಟ್ರೂ ಬಂದಿದ್ದರು. ಮುದ್ದಯ್ಯ ಎಂದಿನಂತೆ ನಮ್ಮ ಹಿಂದೆ, ತಮ್ಮ ಜಗಲಿಯ ಮೇಲೆ.

ಕುಣಿದೆವು. ಚೆನ್ನಾಗಿಯೇ ಕುಣಿದೆವು, ಒಂದು ಹೆಜ್ಜೆ ತಪ್ಪಲಿಲ್ಲ. ಆದರೆ ಎದುರಿಗಿದ್ದ ಜನ ಮೊದಲು ಕೆಮ್ಮಿದರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು, ಆಮೇಲೆ ಬಿದ್ದು ಬಿದ್ದು ನಕ್ಕರು. ನನಗೆ ಆಗ ಹೊಳೆಯಿತು. ಮುಂದಿನಿಂದ ಅವರಿಗೆ ಕಾಣುತ್ತಿದ್ದದ್ದು ಏನು? ಬಿಸಿಲಿಗೆ ಕಣ್ಣು ಕಿರಿದು ಮಾಡಿ ಬಾಯೊಳಗೇ ಎಣಿಸುತ್ತಿದ್ದ ಆರು ಮೋರೆಗಳು. ಸಿದ್ದರಾಜುವಿನ ನಾಲಿಗೆಯಂತೂ ಹೊರಗೇ ಇತ್ತು. ಕೈಗಳೆಲ್ಲ ಬೆನ್ನ ಹಿಂದೆ. ಮುದ್ದಯ್ಯ ಕಟ್ಟಿದ್ದ ಚೆಲುವೆಲ್ಲ ನಮ್ಮ ಹಿಂದಿತ್ತು, ಮುಂದೆ ಒಂದೆಳೆಯೂ ಇರಲಿಲ್ಲ. ಜಗಲಿಯ ಮೇಲಿಂದ ಅವರೊಬ್ಬರೇ ಅದನ್ನು ನೋಡಿ ಕಣ್ಣು ಒರೆಸಿಕೊಳ್ಳುತ್ತಿದ್ದರಂತೆ. ನಗು ಕೇಳಿಸಿದಾಗ ಟವಲು ಕೈಯಲ್ಲೇ ನಿಂತಿತಂತೆ.

ಅಮ್ಮ ನಗಲಿಲ್ಲ. ಅದು ನಗುವುದಕ್ಕಿಂತ ಕೆಟ್ಟದ್ದಾಗಿತ್ತು. ಬೀಸಣಿಗೆ ಮಡಿಸಿ, "ಸೀರೆ ನೋಡೋಣವೇ?" ಎಂದು ಎದ್ದರು.

ಆಗ ಚೌಡಮ್ಮ ಬೀದಿಗೆ ಇಳಿದರು. ಮೂವತ್ತು ವರ್ಷ ಕೊಕ್ಕರೆ ಎಂದು ಆಡಿಕೊಂಡಿದ್ದ ಚೌಡಮ್ಮ. "ಒಸಿ ತಡೀರಿ ಅಮ್ಮಾ. ಮಗ್ಗದ ಮ್ಯಾಲೆ ಬುಟ್ಟಾ ನೇಯುವಾಗ ಸೀರೆ ಮಕ ಕೆಳೀಕಿರ್ತದೆ, ನಮ್ಗೆ ಅದರ ಬೆನ್ನೇ ಕಾಣ್ತದೆ. ನೀವು ತಪ್ಪು ಮಗ್ಗುಲಲ್ಲಿ ಕುಂತಿದ್ದೀರಿ. ತಿರುವಿ ನೋಡದೆ ಸೀರೆ ಚಂದಿಲ್ಲ ಅನ್ಬೌದಾ?"

ಆಕೆ ಚೌಡಮ್ಮನನ್ನು ನೋಡಿದರು, ಬೀದಿಯಾಚೆ ಜಗಲಿಯ ಮೇಲೆ ಕಲ್ಲಾಗಿದ್ದ ಮುದ್ದಯ್ಯನನ್ನು ನೋಡಿದರು. ಆಮೇಲೆ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಬೀದಿ ದಾಟಿ, ಅವರ ಪಕ್ಕದಲ್ಲಿ ಹಾಕಿಕೊಂಡು ಕೂತರು. "ಇನ್ನೊರು ತಡವೆ" ಎಂದರು, ಇನ್ನೊಂದು ಸಲ ಎಂದು. ಬೀದಿಯ ಜನವೆಲ್ಲ ಚಾಪೆ ಸುರುಳಿ ಸುತ್ತಿಕೊಂಡು ಆ ಕಡೆ ಹೋದರು. ಹೆಡ್‌ಮೇಷ್ಟ್ರೂ ಒಂದು ಚಾಪೆ ಹೊತ್ತರು.

ಎರಡನೆಯ ಸಲ ನಮ್ಮೆದುರಿಗೆ ಬೋಳು ಗೋಡೆ. ಹಿಂದಿನಿಂದ ಏನೂ ಕೇಳಿಸಲಿಲ್ಲ. ಕೆಮ್ಮಿಲ್ಲ, ಪಿಸುಮಾತಿಲ್ಲ. ಒಂದು ಹಂತದಲ್ಲಿ ಮನೆಗಳ ಮಗ್ಗಗಳೂ ನಿಂತವು, ನೇಯುತ್ತಿದ್ದವರೂ ಹೊರಗೆ ಬಂದಿದ್ದರೆಂದು ಆಮೇಲೆ ತಿಳಿಯಿತು. ನಾನು ಗಕ್ಕನೆ ನಿಂತೆ. ಬೆನ್ನ ಮೇಲೆ ಅಷ್ಟೂ ಜನರ ಕಣ್ಣು ಬಿದ್ದದ್ದು ನನಗೆ ಬಿಸಿಲು ಕಾಯಿಸಿದಂತೆ ಗೊತ್ತಾಯಿತು. ಐವರೂ ಹಿಂದಕ್ಕೆ ಬಂದು ನನ್ನನ್ನು ಕಟ್ಟಿಕೊಂಡರು.

ಕುಣಿತ ಮುಗಿದ ಮೇಲೆ ಅಮ್ಮ ಕೇಳಿದರು. "ಆತ ಯಾಕೆ ನಿಂತ?"

"ಅದು ಕಿತ್ತೋದ ಎಳೆ, ಅಮ್ಮಾ" ಅಂದರು ಮುದ್ದಯ್ಯ. "ಅದನ್ನ ಬುಟ್ಟು ಮುಂದಕ್ಕೆ ನೇಯಕ್ಕಾಗಲ್ಲ."

ಆಕೆ ಒಳಗೆ ಹೋಗಿ ಸೀರೆ ಆರಿಸಿದರು. ಮುದ್ದಯ್ಯ ಮೊದಲನೆಯದನ್ನು ಎತ್ತಿ ಮಡಿಸಲು ಹೋದರು. ಆಕೆ ಅದನ್ನು ಅವರ ಕೈಯಿಂದ ತೆಗೆದುಕೊಂಡರು. "ನೀ ಕುಣಿತ ನೋಡ್ಕೊ, ಮುದ್ದಯ್ಯ. ಸೀರೆ ನಾ ಮಡಿಸ್ತೀನಿ."

ಮಡಿಸಿದರು ಕೂಡ. ಎಷ್ಟು ಕೆಟ್ಟದಾಗಿ ಮಡಿಸಿದರೆಂದರೆ ಸೆರಗು ಒಂದು ಕಡೆ, ಅಂಚು ಒಂದು ಕಡೆ. ನೋಡುತ್ತಿದ್ದ ಮುದ್ದಯ್ಯನವರ ಹತ್ತು ಬೆರಳೂ ತುಡಿಯುತ್ತಿದ್ದವು. ಆದರೂ ಆರು ಸೀರೆ ಮುಗಿಯುವ ತನಕ ಕೈ ಕಟ್ಟಿ ನಿಂತೇ ಇದ್ದರು. ಅವರು ಅಷ್ಟು ಚೆನ್ನಾಗಿ ನಿಂತದ್ದನ್ನು ನಾನು ಮತ್ತೆ ನೋಡಲಿಲ್ಲ.

ಅದಾಗಿ ಮೂರನೆಯ ಮಳೆಗಾಲದಲ್ಲಿ ಮುದ್ದಯ್ಯ ಜ್ವರದಲ್ಲಿ ತೀರಿಕೊಂಡರು. ಮಗ್ಗದ ಮೇಲೆ ಒಂದು ಸೀರೆ ಉಳಿದಿತ್ತು. ಸೆರಗು ನೇಯ್ದಾಗಿತ್ತು, ಒಡಲು ಅರ್ಧವಾಗಿತ್ತು. ಸಿದ್ದರಾಜು ಗುಂಡಿಗೆ ಇಳಿದು ಮಿಕ್ಕಿದ್ದನ್ನು ನೇಯ್ದು ಕೊಯ್ದ. ಚೌಡಮ್ಮ ಅದನ್ನು ಚಾಪೆಯ ಮೇಲೆ ತಿರುವಿ ಹಾಸಿದರು. ಸೆರಗಿನಲ್ಲಿ ಜರಿಯ ಆರು ಜನ ಸಾಲಾಗಿದ್ದರು, ಎಲ್ಲರದೂ ಬೆನ್ನು, ಒಬ್ಬ ನಿಂತಿದ್ದ. ಕೊಳ್ಳಲು ಬಂದ ಸಾಹುಕಾರರು, "ಈ ಬೂದುಗುಂಬಳದ ಬುಟ್ಟಾ ಹೊಸದಾಗಿದೆ" ಎಂದು ಮೆಚ್ಚಿ ಒಯ್ದರು. ಚೌಡಮ್ಮ ತಿದ್ದಲಿಲ್ಲ.

ಮರುವರ್ಷ ಸತ್ತೇಗಾಲದಲ್ಲಿ ಒಂದು ಮದುವೆಗೆ ಹೋಗಿದ್ದೆ. ಹೆಣ್ಣು ಆ ಸೀರೆ ಉಟ್ಟಿದ್ದಳು. ಎಲ್ಲರೂ ಹುಡುಗಿಯ ಮುಖ ನೋಡಲು ಮುಂದೆ ನುಗ್ಗಿದರು. ನಾನು ಎದ್ದು ಹೋಗಿ ಅವಳ ಬೆನ್ನ ಹಿಂದೆ ಕೂತೆ.