ಎಲೆಯ ಪಾಲು

ಬಾಳೆಕರೆಯಿಂದ ಕಪ್ಪಾದ ಹೆಬ್ಬೆರಳು; ಅದರ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಎಡಗೈಯೋ ಬಲಗೈಯೋ ಹೇಳಲಾರೆ. ಮುಂದೆ ಬರೆಯುವ ಅವರ ಮಾತುಗಳಲ್ಲೂ ಕೆಲವು ನನ್ನವೇ ಇರಬಹುದು. ನೈರೋಬಿಯ ಲ್ಯಾವಿಂಗ್ಟನ್ನಿನಲ್ಲಿ ಚಿಕ್ಕಪ್ಪನ ಮನೆಯ ತೋಟ ನೋಡಿಕೊಳ್ಳುತ್ತಿದ್ದ ಆ ಹಿರಿಯರನ್ನು ಎಲ್ಲರೂ ಮ್ಜೇ, ಅಂದರೆ ಯಜಮಾನರೇ, ಎನ್ನುತ್ತಿದ್ದೆವು. ಕರೆಯುವುದರಲ್ಲಿ ಮರ್ಯಾದೆಗೆ ಕೊರತೆಯಿರಲಿಲ್ಲ.

ನಾನು ಓದಲು ಬಂದು ಆ ಮನೆಯಲ್ಲಿದ್ದಾಗ ಚಿಕ್ಕಪ್ಪ ಹಿತ್ತಲಿನ ಪಾಳು ಜಾಗವನ್ನು ಅವರಿಗೆ ಪಾಲಿಗೆ ಕೊಟ್ಟಿದ್ದರು. ನೆಲ, ನೀರು ಚಿಕ್ಕಪ್ಪನದು, ಬಾಳೆ ನೆಟ್ಟು ಬೆಳೆಸುವುದು ಮ್ಜೇ, ಬಂದದ್ದರಲ್ಲಿ ಅರ್ಧರ್ಧ. ಬೆಳಿಗ್ಗೆ ಬಂದವರೇ ಮೊದಲು ಗಿಡಗಳ ಬುಡ ಮುಟ್ಟಿ ನೋಡಿ, ಆಮೇಲೆ ನಮಗೆ ಹಬಾರಿ ಎಂದು ಕ್ಷೇಮ ಕೇಳುತ್ತಿದ್ದರು. ಮೊದಲ ಗೊನೆ ಬಿಟ್ಟಾಗ, "ಇದು ನನ್ನ ಮಗನ ಜೊತೆ ಹೆಣ್ಣಿನ ಮನೆಗೆ ಹೋಗತ್ತೆ. ಮಟಾಟು ವ್ಯಾನಿನಲ್ಲಿ ಕಿಟಕಿ ಸೀಟು ಇದಕ್ಕೆ, ಅವನು ನಿಂತ್ಕೊಳ್ಳಲಿ" ಎಂದು ನಕ್ಕಿದ್ದರು.

ಗಣೇಶನ ಹಬ್ಬಕ್ಕೆ ಕನ್ನಡದವರೆಲ್ಲ ನಮ್ಮಲ್ಲಿ ಊಟಕ್ಕೆ ಬರುವವರಿದ್ದರು. ಮ್ಜೇ ಇಲ್ಲದ ಭಾನುವಾರ ಚಿಕ್ಕಪ್ಪ ಕತ್ತಿ ಹಿಡಿದು ಅಷ್ಟೂ ಗಿಡಗಳ ಎಲೆ ಇಳಿಸಿದರು. ಗೊನೆ ಬಿಟ್ಟ ಬಾಳೆ ಮತ್ತೆ ಎಲೆ ಬಿಡುವುದಿಲ್ಲ. ಎಲೆಯಿಲ್ಲದೆ ಕಾಯಿ ಬಲಿಯುವುದಿಲ್ಲ. "ನೈರೋಬಿಯಲ್ಲಿ ಎಲೆಯೂಟ ಅಂದ್ರೆ ಸುಮ್ನೇನಾ ರೀ!" ಎಂದು ಬಂದವರು ಹೊಗಳಿದ್ದೇ ಹೊಗಳಿದ್ದು.

ಮರುದಿನ ಮ್ಜೇ ಬೋಳು ದಿಂಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಬಂದರು.

"ಬಾಸ್, ನನ್ನ ಅರ್ಧ ಎಲ್ಲಿ?"

"ಹಣ್ಣಲ್ಲಿ ಅರ್ಧ ಅಂದಿದ್ದೆ. ಎಲೆ ವಿಷಯ ಮಾತೇ ಆಗಿರ್ಲಿಲ್ವಲ್ಲ," ಎಂದರು ಚಿಕ್ಕಪ್ಪ.

"ನಾಲ್ಕು ಎಲೆಗೆ ಎಷ್ಟು ಡ್ರಾಮಾ!" ಎಂದು ಚಿಕ್ಕಮ್ಮ ಒಳಗಿನಿಂದ ಕನ್ನಡದಲ್ಲಿ ಗೊಣಗಿದರು.

ಬಿಳಿಯರ ಕಾಫಿ ತೋಟದಲ್ಲಿ ಮ್ಜೇಯ ಅಪ್ಪನಿಗೂ ದುಡಿಮೆಗೆ ಬದಲಾಗಿ ತುಂಡು ನೆಲ ಸಿಕ್ಕಿತ್ತಂತೆ. ಮುಸುಕಿನ ಜೋಳ ತೆನೆಗಟ್ಟಿದಾಗ ದೊರೆ ಅಲ್ಲಿ ದನ ನುಗ್ಗಿಸಿ, ಕಾಳು ನಿನ್ನದು ಅಂದಿದ್ದೆ, ದಂಟು ನಿನ್ನದು ಅಂದಿರಲಿಲ್ಲ ಎಂದನಂತೆ. ಅದನ್ನು ನನಗೆ ಹೇಳಿ ಮ್ಜೇ, "ಒಪ್ಪಂದ ಮಾಡೋವಾಗ ಎರಡು ಬಾಯಿ, ಅರ್ಥ ಹೇಳೋವಾಗ ಒಂದೇ" ಎಂದರು.

ಚಿಕ್ಕಪ್ಪ ಅಂದೇ ಹೊಸ ಕರಾರು ಸಾರಿದರು: ಇನ್ನು ಪಾಲಿಲ್ಲ, ಸಂಬಳಕ್ಕೆ ಕೆಲಸ. ಮ್ಜೇ ಗುದ್ದಲಿ ತೊಳೆದು ಗೋಡೆಗೆ ಒರಗಿಸಿ ಹೊರಟುಹೋದರು. ಬೀಗರ ಮನೆಗೆ ಏನು ಒಯ್ದರೋ ತಿಳಿಯದು.

ಕಳೆದ ತಿಂಗಳು ನಾನು ಮತ್ತೆ ಆ ಮನೆಗೆ ಹೋದಾಗ, ಮ್ಜೇ ತೀರಿಕೊಂಡರೆಂದು ಗೇಟಿನ ಕಾವಲುಗಾರ ಹೇಳಿದ. "ಪಾಪ, ಒಳ್ಳೆ ಕೆಲಸಗಾರ" ಎಂದು ಚಿಕ್ಕಪ್ಪ ಮೊಸರನ್ನ ಕಲಸಿದರು. ಮದ್ದೂರಿನ ಕಡೆಯ ಬಾಳೆತೋಟದಲ್ಲಿ ಬೆಳೆದವರು ಚಿಕ್ಕಪ್ಪ. ಅವರು ಮೊದಲ ತುತ್ತು ಎತ್ತುವಾಗ ನಾನು ಕೇಳಿದೆ:

"ಚಿಕ್ಕಪ್ಪಾ, ಊರಲ್ಲಿ ಗೊನೆ ಬಿಟ್ಟ ಗಿಡದ ಎಲೆ ಯಾರಾದ್ರೂ ಹಿಂಗೆ ಕುಯ್ದಿದ್ರೆ ತಾತ ಏನ್ ಮಾಡ್ತಿದ್ರು?"