ಗಿಣ್ಣ ತಿಂದವರ ಪಟ್ಟಿ

ನಮ್ಮತ್ತೆಯದು ಕೊಡುಗೈ ಎಂದು ರಾಯಬಾಗದ ಕಡೆ, ಕೃಷ್ಣೆಯ ದಂಡೆಯ ನಮ್ಮೂರಿನಲ್ಲಿ ಹೆಸರಿತ್ತು. ಎಂಬತ್ತರ ದಶಕ, ನಾನು ಸೊಸೆಯಾಗಿ ಬಂದ ಹೊಸತು. ಎಮ್ಮೆ ಈದರೆ ಓಣಿಯ ಮನೆಮನೆಗೂ ಗಿಣ್ಣ ಹೋಗಲೇಬೇಕು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ, ಬಟ್ಟಲು ಹೊತ್ತು ತಿರುಗುವ ಕೆಲಸ ನನ್ನದು. ಓಣಿ ಮುಗಿದಲ್ಲಿ ಆ ಕೊಡುಗೈಯೂ ಮುಗಿಯುತ್ತಿತ್ತು. ಎಮ್ಮೆ ಮೇಯಿಸಿ, ಮೈ ತೊಳೆದು, ಕರು ಎಳೆದು ಹಾಕಿದ ಆಳಿನ ಮನೆ ಅದರಾಚೆ, ಊರ ಹೊರಗಿತ್ತು.

ಆ ಸಲ ಈದ ವಾರಕ್ಕೇ ಎಮ್ಮೆ ಜೊಲ್ಲು ಸುರಿಸತೊಡಗಿತು, ನೀರು ನುಂಗಲಿಲ್ಲ. ಗಂಟಲಲ್ಲಿ ಕಬ್ಬಿನ ತುಂಡು ಸಿಕ್ಕಿದೆ ಎಂದು ಓಣಿಯ ಪಂಡಿತರೆಲ್ಲ ದೂರ ನಿಂತು ತೀರ್ಪು ಕೊಟ್ಟರು. ಮೊಳಕೈವರೆಗೆ ಕೈ ತೂರಿಸಿ ಹುಡುಕಿದವನು ಮಾತ್ರ ಆಳು. ತುಂಡು ಸಿಗಲಿಲ್ಲ, ಹಲ್ಲು ತರಚಿ ರಕ್ತ ಬಂತು. ನಾನೇ ಅರಿಶಿನ ಕೊಟ್ಟೆ. ಮರುದಿನ ಬಂದ ದನದ ಡಾಕ್ಟರು, ಇದು ಹುಚ್ಚುನಾಯಿ ಕಚ್ಚಿದ ರೋಗ, ಜೊಲ್ಲು, ಹಾಲು ತಾಗಿದವರೆಲ್ಲ ದವಾಖಾನೆಗೆ ಹೋಗಿ ಅಂದರು. ಓಣಿಯ ಕಿವಿಗೆ ಹಾಲು ಮಾತ್ರ ಬಿತ್ತು.

ಎಮ್ಮೆ ಸಾಯುವಷ್ಟರಲ್ಲಿ ಗಿಣ್ಣ ತಿಂದವರ ಪಟ್ಟಿ ತಯಾರಾಗಿತ್ತು. ಸಕ್ಕರೆ ಕಾಯಿಲೆ, ಸಿಹಿ ಮುಟ್ಟುವುದಿಲ್ಲ ಎನ್ನುತ್ತಿದ್ದ ಹಿರಿಯರೂ ನಾಚದೆ ಹೆಸರು ಬರೆಸಿದರು. ಟ್ರ್ಯಾಕ್ಟರ್ ತುಂಬಿತು. ಆಳು ಕೈಗೆ ಬಟ್ಟೆ ಸುತ್ತಿಕೊಂಡು ಬಂದ.

“ನಾನೂ ಬರ್ಲೇನ್ರಿ, ಅವ್ವಾರ?”

“ನೀ ಎಲ್ಲಿ ಗಿಣ್ಣ ತಿಂದಿ? ದನಾ ನೋಡ್ಕೊಂಡಿರು,” ಅಂದರು ಅತ್ತೆ.

ಮಾತು ಸುಳ್ಳಲ್ಲ. ನಾವೇ ಕೊಟ್ಟಿರಲಿಲ್ಲವಲ್ಲ.

ದವಾಖಾನೆಯ ಡಾಕ್ಟರು, ಬೇಯಿಸಿದ ಗಿಣ್ಣದಿಂದ ಏನೂ ಆಗುವುದಿಲ್ಲ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಎಮ್ಮೆಯ ಬಾಯಿಗೆ ಕೈ ಹಾಕಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

“ನಮ್ಮ ಮಂದ್ಯಾಗ ಯಾರೂ ಇಲ್ರಿ,” ಅಂದರು ಅತ್ತೆ.

ಹೊಸ ಸೊಸೆ ಹಿರಿಯರ ಮುಂದೆ ಬಾಯಿ ತೆರೆಯಬಾರದು. ಆ ನೆಪ ಎಷ್ಟು ಚೆನ್ನಾಗಿ ಒದಗಿತು. ಓಣಿಯವರು ಡಾಕ್ಟರೊಡನೆ ಜಗಳವಾಡಿ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡರು. ನಾನೂ ಚುಚ್ಚಿಸಿಕೊಂಡೆ. ಹದಿನಾಲ್ಕು ದಿನವೂ ಟ್ರ್ಯಾಕ್ಟರ್ ಅವನ ಗುಡಿಸಲ ಮುಂದೆಯೇ ಹೋಯಿತು.

ಎರಡು ತಿಂಗಳಿಗೆ ಅವನು ನೀರು ಕಂಡರೆ ಬೆಚ್ಚತೊಡಗಿದ. ಮೂರನೆಯ ದಿನ ಸತ್ತ. ಅತ್ತೆ ಬುಟ್ಟಿ ತುಂಬ ಜೋಳ ಕಳಿಸಿದರು. ನಮ್ಮ ಮನೆಯ ಬುಟ್ಟಿ ಓಣಿ ದಾಟಿದ್ದು ಅಂದೇ ಮೊದಲು. ಹೊತ್ತು ಹೋದವಳು ನಾನು. ಓಣಿಯ ಸುದ್ದಿ ಅಲ್ಲಿಗೂ ತಲುಪಿತ್ತು.

“ಡಾಕ್ಟ್ರು ಕೇಳಿದಾಗ ನೀವೂ ಅಲ್ಲೇ ಇದ್ರೇನ್ರಿ?” ಎಂದಳು ಅವನ ಹೆಂಡತಿ.

ಇದ್ದೆ ಅಂದೆ.

ಆ ಬುಟ್ಟಿಯನ್ನು ಅವಳು ಮುಟ್ಟಲಿಲ್ಲ.