ಒಂದು ಮೊರ ಜೋಳಕ್ಕೆ

ನಾನು ಮಕ್ಕಳಿಗಾಗಿ ಕಾದಂಬರಿ ಬರೆಯುತ್ತೇನೆ. ನನ್ನ ಪುಸ್ತಕಗಳಲ್ಲಿ ಒಂದಿಲ್ಲೊಂದು ಮನೆಯ ಗುಟ್ಟು ಇದ್ದೇ ಇರುತ್ತದೆ. ಅಜ್ಜಿಯ ಪೆಟ್ಟಿಗೆ, ಬೀಗ ಹಾಕಿದ ಕೋಣೆ, ಯಾರೂ ಹೆಸರೆತ್ತದ ಚಿಕ್ಕಪ್ಪ, ಹೀಗೆ. ಒಬ್ಬ ಹುಡುಗಿ ಅದನ್ನು ಪತ್ತೆ ಹಚ್ಚುತ್ತಾಳೆ, ಅತ್ತು ರಂಪ ಮಾಡಿ ದೊಡ್ಡವಳಾಗುತ್ತಾಳೆ, ಕೊನೆಯ ಅಧ್ಯಾಯದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಶಹಾಪುರದ ಶಾಲೆಯೊಂದರಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು, “ನಿಮ್ಮ ಮನ್ಯಾಗ ಏನ್ ಗುಟ್ಟದರೀ ಮೇಡಂ?” ಎಂದು ಕೇಳಿದಳು. ಬಾಗಿಲಿನ ಚಿಲಕವೇ ನೆಟ್ಟಗೆ ಬೀಳದ ಮನೆ ನಮ್ಮದು, ಅಲ್ಲಿ ಗುಟ್ಟು ಎಲ್ಲಿ ನಿಲ್ಲಬೇಕು ಎಂದು ಹೇಳಿ ಎಲ್ಲರನ್ನೂ ನಗಿಸಿದೆ. ಆಗ ನನಗೂ ಗೊತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ನಾನು ಮತ್ತು ಅವ್ವ ಶಹಾಪುರದಲ್ಲಿ ಒಟ್ಟಿಗೆ ಇದ್ದೆವು. ಅವ್ವನಿಗೆ ಓದು ಬಾರದು. ಬರೆದದ್ದನ್ನು ಸಂಜೆ ಆಕೆಗೆ ಓದಿ ಹೇಳುವುದು ನಮ್ಮ ರೂಢಿ. ಜೋಳ ಹಸನು ಮಾಡುತ್ತಲೇ ಕೇಳುತ್ತಿದ್ದಳು. ಮೆಚ್ಚಿದಳೋ ಬಿಟ್ಟಳೋ ಎಂಬುದು ಆಕೆಯ ಮುಖದಲ್ಲಿ ಎಂದೂ ಕಾಣುತ್ತಿರಲಿಲ್ಲ. ಆ ಸಲ ನನ್ನ ಕಾದಂಬರಿಯ ಹುಡುಗಿ ಪೆಟ್ಟಿಗೆಯೊಳಗಿನ ಫೋಟೋ ನೋಡಿ ತಾನು ಬೇರೆ ಯಾರದೋ ಮಗಳೆಂದು ತಿಳಿಯುವ ಅಧ್ಯಾಯ ಓದುತ್ತಿದ್ದೆ. ಅವ್ವನ ಕೈ ನಿಂತಿತು.

“ಪೆಟಗಿ ಯಾತಕ್ಕ ಬೇಕಿತ್ತು? ಆಕಿ ಅವ್ವ ಬಾಯಿಬಿಟ್ಟು ಹೇಳಿದ್ರ ಮುಗೀತಿತ್ತು,” ಎಂದಳು. ಮೊರ ಬದಿಗಿಟ್ಟು, “ನಿಂದೂ ಒಂದು ಹೇಳೋದದ,” ಎಂದಳು.

ನನಗಿಂತ ಮುಂಚೆ ಹುಟ್ಟಿದ ಕೂಸುಗಳು ಒಂದೂ ಉಳಿದಿರಲಿಲ್ಲ. ಕೆಂಭಾವಿ ಹತ್ತಿರದ ನಮ್ಮೂರಿನಲ್ಲಿ ನಾನು ಹುಟ್ಟಿದಾಗ ಹಿರಿಯರು, ಸಾವು ಈ ಮನೆಯ ಗುರುತು ಹಿಡಿದಿದೆ, ಕೂಸನ್ನು ಬೇರೆ ಮನೆಗೆ ಮಾರಿಬಿಡಿ ಎಂದರಂತೆ. ನನ್ನನ್ನು ಮೊರದಲ್ಲಿ ಮಲಗಿಸಿ ಮಾರಿದ್ದು, ನಮ್ಮ ಹೊಲದಲ್ಲಿ ಕಳೆ ತೆಗೆಯಲು ಬರುತ್ತಿದ್ದ ಹೆಣ್ಣುಮಗಳಿಗೆ. ಊರ ಹೊರಗಿನ ಕೇರಿಯವಳು, ನಮ್ಮವರು ಯಾರೂ ಕೈನೀರು ಮುಟ್ಟದ ಜಾತಿಯವಳು. ಆಕೆಯ ಗಂಡುಮಕ್ಕಳೆಲ್ಲ ಗಟ್ಟಿಮುಟ್ಟಾಗಿ ಉಳಿದಿದ್ದರು, ಅದಕ್ಕೇ ಆಕೆ ಬೇಕಾದಳು. ಹೆಣ್ಣುಕೂಸು ಆಕೆಗೂ ಇರಲಿಲ್ಲ. ಒಂದು ಮೊರ ಜೋಳ ಸುರಿದು ನನ್ನನ್ನು ಕೊಂಡಳು, ತನ್ನ ಮನಸ್ಸಿಗೆ ಬಂದ ಹೆಸರಿಟ್ಟಳು, ನನ್ನ ಮಗಳನ್ನು ಮೊಲೆಯೂಡಿಸಿ ಸಾಕಿಕೊಡು ಎಂದು ಅವ್ವನ ಕೈಗೇ ಒಪ್ಪಿಸಿದಳು. ಮಗಳ ಮದುವೆಗೆ ಮುಂಚೆ ಹೆತ್ತವರು ಸೀರೆ, ಜೋಳ ಒಯ್ದು, ಕೊಂಡವಳ ಮನೆಯಲ್ಲಿ ಕೂತು ಉಂಡು ಮಗಳನ್ನು ತಿರುಗಿ ಕೊಂಡು ತರಬೇಕು. ಪದ್ಧತಿ ಇರುವುದೇ ಹಾಗೆ.

“ನಿನ್ನ ತಂದಿಲ್ಲ,” ಎಂದಳು ಅವ್ವ. “ಬೀಗರ ಕಿವಿಗೆ ಬಿದ್ರ ಲಗ್ನ ಮುರೀತದ ಅಂತ ನಿಮ್ಮಪ್ಪ ಬಾಯಿ ಮುಚ್ಚಿಸಿದ.”

ಹತ್ತಿ ಹೊಲದಲ್ಲಿ ಆ ಹೆಣ್ಣುಮಗಳು ನನ್ನನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದದ್ದು ನೆನಪಾಯಿತು. ಆ ಹೆಸರು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಪಂಚಮಿ ಬಂದರೆ ಅವ್ವ ಆಕೆಯ ಮನೆಗೆ ನನ್ನ ಕೈಯಲ್ಲೇ ಉಂಡಿ ಕಳಿಸುತ್ತಿದ್ದಳು. “ಕಟ್ಟಿ ಮ್ಯಾಲ ಇಟ್ಟು ಬಾ, ಒಳಗ ಹೋಗಬ್ಯಾಡ,” ಎಂದು ತಪ್ಪದೆ ಹೇಳುತ್ತಿದ್ದಳು. ಆಕೆ “ಒಳಗ ಬಾ ಮಗಳ” ಎನ್ನುವಷ್ಟರಲ್ಲಿ ನಾನು ಓಟ ಕೀಳುತ್ತಿದ್ದೆ. ಆ ಮನೆಯೊಳಗಿನ ಬುದ್ಧನ ಪಟವನ್ನು ಹೊರಗಿನಿಂದಷ್ಟೇ ನೋಡಿದ್ದೆ.

ಸಿಟ್ಟು ಬಂತು. ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದಳು ಎಂದು ಸಿಟ್ಟು. ನನ್ನನ್ನು ತಿರುಗಿ ಕೊಳ್ಳದೆ ಲಗ್ನ ಮಾಡಿದ್ದಕ್ಕೇ ನನ್ನ ಗಂಡ ಸತ್ತ ಎಂದು ಆಕೆ ನಂಬಿದ್ದಳಲ್ಲ, ಅದಕ್ಕೆ ಇನ್ನೂ ಸಿಟ್ಟು. ಆದರೆ ಅವ್ವನ ಹೃದಯ ಸೋತಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. “ನಾ ಸಾಯೋದ್ರಾಗ ನಿನ್ನ ಕೊಂಡು ತರಬೇಕವ್ವಾ. ಇಲ್ಲಂದ್ರ ಬಾಯಿಗೆ ನೀರ ಬಿಡಾಕ ಮಗಳ ಇಲ್ಲದಂಗ ಹೋಗ್ತೀನಿ,” ಎಂದು ಅತ್ತಳು. ನಾನು ಜೀಪು ಗೊತ್ತು ಮಾಡಿದೆ.

ಸುರಪುರದಲ್ಲಿ ಇಳಿದು ಸೀರೆ ಕೊಂಡೆವು. ಬಣ್ಣ ಆರಿಸಲು ಅವ್ವ ಅಂಗಡಿಯವನ ಜೀವ ತಿಂದಳು, ಸ್ವಂತ ಮಗಳ ಲಗ್ನಕ್ಕೂ ಅಷ್ಟು ನೋಡಿರಲಿಲ್ಲ. ನಾವು ಬರುತ್ತೇವೆಂದು ಮೊದಲೇ ಫೋನ್ ಮಾಡಿದ್ದೆ. ಕೇರಿಯ ಆ ಮನೆಯ ಮುಂದೆ ಜೀಪು ನಿಂತಾಗ ಒಳಗಿನಿಂದ ರೊಟ್ಟಿ ಸುಡುವ ವಾಸನೆ ಬರುತ್ತಿತ್ತು. ಆಕೆಗೂ ಬೆನ್ನು ಬಾಗಿತ್ತು. ಒಳಗೆ ಹಳೆ ಸೀರೆಗಳಿಂದ ಹೊಲಿದ ಕೌದಿ ಹಾಸಿಟ್ಟಿದ್ದಳು.

“ಬರ್ರೀ ಅವ್ವಾರ, ಒಳಗ ಬರ್ರಿ.”

ಅವ್ವ ಹೊಸ್ತಿಲ ತನಕ ಬಂದಳು. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತಳು. “ಇಲ್ಲೇ ಕೊಡ್ತೀನಿ, ತಗೋ,” ಎಂದು ಸೀರೆ ಚಾಚಿದಳು.

ಆಕೆ ಸೀರೆ ಮುಟ್ಟಲಿಲ್ಲ. “ಉಂಡು ಒಯ್ಯೋದಲ್ಲೇನ್ರಿ? ರೊಟ್ಟಿ ಒಲ್ಲೆ ಅಂದ್ರ ಬಿಡ್ರಿ. ಒಂದು ಗುಟುಕು ನೀರ ಕುಡೀರಿ, ಅಷ್ಟ ಸಾಕು. ಒಯ್ರಿ ನಿಮ್ಮ ಮಗಳನ್ನ,” ಎಂದು ತೊಳೆದ ಲೋಟದಲ್ಲಿ ನೀರು ತಂದಳು.

ಅವ್ವ ಲೋಟ ತೆಗೆದುಕೊಂಡಳು. ಎದೆಯ ತನಕ ಎತ್ತಿದಳು. ಕುಡಿ, ಕುಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವ್ವ ಲೋಟವನ್ನು ಹೊಸ್ತಿಲ ಮೇಲಿಟ್ಟಳು.

“ನನ್ನಿಂದ ಆಗಂಗಿಲ್ಲ,” ಎಂದು ಬಿಕ್ಕಿ ಬಿಕ್ಕಿ ಅತ್ತಳು.

“ಹಂಗಾದ್ರ ನಾ ಮಾರಂಗಿಲ್ಲ,” ಎಂದಳು ಆಕೆ. ದನಿ ಏರಿಸಲಿಲ್ಲ.

ನಾನು ಆ ಲೋಟ ಎತ್ತಿ ಗಟಗಟ ಕುಡಿದೆ. ಅದರಿಂದ ಏನೂ ಆಗಲಿಲ್ಲ, ಕುಡಿಯಬೇಕಾದವಳು ನಾನಲ್ಲವಲ್ಲ. ಶಹಾಪುರ ಬರುವವರೆಗೆ ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ಅಷ್ಟು ಬೇಕಾದದ್ದನ್ನು ಒಂದು ಗುಟುಕಿನ ದೂರದಲ್ಲಿ ಬಿಟ್ಟು ಬಂದಳಲ್ಲ ಎಂದು ಆಕೆಯ ಮೇಲೆ ಅಸಹ್ಯವಾಗುತ್ತಿತ್ತು. ಆದರೂ ಆಕೆಯ ಬೆರಳುಗಳು ಸೀರೆಯ ಗಂಟನ್ನು ಬಿಡದೆ ಹಿಡಿದಿದ್ದವು.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನನ್ನು ಯಾದಗಿರಿಯ ಆಸ್ಪತ್ರೆಗೆ ಸೇರಿಸಿದೆ. ಮಾತು ನಿಂತಿತ್ತು. ಒಂದು ಮಧ್ಯಾಹ್ನ ತುಟಿ ಅಲ್ಲಾಡಿಸಿದಳು. ಚಮಚೆಯಲ್ಲಿ ನೀರು ಬಿಟ್ಟೆ. ನನ್ನ ಮುಖವನ್ನೇ ನೋಡುತ್ತ ನುಂಗಿದಳು, ಇನ್ನೊಂದಕ್ಕೆ ಬಾಯಿ ತೆರೆದಳು. ಸಂಜೆಗೆ ಹೋಗಿಬಿಟ್ಟಳು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಆ ಸೀರೆ ಹಿಡಿದು ಒಬ್ಬಳೇ ಕೇರಿಗೆ ಹೋದೆ. ಆಕೆಗೆ ಸುದ್ದಿ ಮುಟ್ಟಿತ್ತು.

“ಕಡೀಕ ಬಾಯಾಗ ನೀರ ಯಾರ್ ಬಿಟ್ರು?” ಎಂದು ಕೇಳಿದಳು.

“ನಾನೇ.”

“ಕುಡದ್ಳೇನು?”

“ಕುಡದ್ಳು.”

ಆಕೆ ಒಲೆಯ ಕಟ್ಟಿಗೆ ಒಳಗೆ ಸರಿಸಿದಳು. “ನಾ ನಿನ್ನ ಮಾರಿಲ್ಲ. ನೀ ಇನ್ನೂ ನನ್ನ ಮಗಳು. ನನ್ನ ಮಗಳ ಕೈಯಾಗಿನ ನೀರ ಕುಡದು ಹೋಗ್ಯಾಳ ತಗೋ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆದ್ದ ದನಿಯಲ್ಲ ಅದು. ನಾನು ಸೀರೆ ಚಾಚಿದೆ. ಅದನ್ನು ನನ್ನ ಮಡಿಲಿಗೇ ತಿರುಗಿ ಇಟ್ಟಳು. “ಇನ್ನ ನಿನ್ನ ತಿರುಗಿ ಕೊಡು ಅಂತ ಯಾರ್ ಕೇಳ್ತಾರ? ಕೇಳಾಕಿ ಹ್ವಾದ್ಳು. ಉಣ್ಣು.”

ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಬುದ್ಧನ ಪಟದ ಕೆಳಗೆ ಕೌದಿಯ ಮೇಲೆ ಕೂತೆ. ಅಂದು ಅವ್ವನಿಗೆಂದು ಹಾಸಿದ್ದ ಕೌದಿಯೇ ಅದು. ನನ್ನ ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಹಾಗೇ ಉಳಿದಿತ್ತು.